ಬಾಗಿಲು ತೆಗೆದರೆ ಹಕ್ಕಿ ಹಾರುತ್ತದೆ, ಕ್ಲಿಕ್ ಮಾಡಿದರೆ ಫೋಟೊ ಮಸುಕು: ಏನು ಮಾಡಲಿ?

ಪ್ರಶ್ನೆ: ನಮ್ಮ ಮನೆ ಹಿಂದೆ ಚಿಕ್ಕ ಕೈತೋಟ ಇದೆ. ದಿನಾ ಪಿಕಳಾರ, ಸೂರಕ್ಕಿ, ಮಡಿವಾಳ, ಇನ್ನೂ ಹೆಸರು ಗೊತ್ತಿಲ್ಲದ ಪುಟ್ಟ ಹಕ್ಕಿಗಳು ಬರುತ್ತವೆ. ಈಚೆಗೆ ಒಂದು ಕ್ಯಾಮೆರಾ, ಜೊತೆಗೆ 70–300 ಮಿ.ಮೀ. ಲೆನ್ಸ್ ಕೊಂಡೆ. ಬಾಗಿಲು ತೆಗೆದ ಕೂಡಲೇ ಎಲ್ಲ ಹಾರಿಹೋಗುತ್ತವೆ. ಸಿಕ್ಕ ಕೆಲವು ಫೋಟೊಗಳು ಮಸುಕು, ಇಲ್ಲವೇ ಹಕ್ಕಿ ಬರೀ ಕಪ್ಪಗೆ. 600 ಮಿ.ಮೀ. ಲೆನ್ಸ್ ತಗೊಂಡರೆ ಸರಿಹೋಗುತ್ತದೆಯೇ? ಕಾಳು ಹಾಕಿ ಹತ್ತಿರ ಬರಿಸಬಹುದೇ? ದಾಸವಾಳದ ಗಿಡದಲ್ಲಿ ಒಂದು ಗೂಡು ಕೂಡ ಇದೆ. ಅದರ ಫೋಟೊ ತೆಗೆದರೆ ತಪ್ಪಾ?

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಹೊಸ ಲೆನ್ಸ್ ಈಗ ಬೇಡ. ಕಾಳಿಗಿಂತ ಮೊದಲು ನೀರಿಡಿ. ಗೂಡಿನ ತಂಟೆಗೆ ಹೋಗಬೇಡಿ.

ಇನ್ನು ಬಿಡಿಸಿ ಹೇಳುತ್ತೇನೆ. ನಿಮ್ಮ ಮೂರು ಪ್ರಶ್ನೆಗಳ ಬೇರು ಒಂದೇ. ನೀವು ಹಕ್ಕಿಯ ಹತ್ತಿರ ಹೋಗಲು ನೋಡುತ್ತಿದ್ದೀರಿ. ತೋಟದಲ್ಲಿ ಇದು ತಿರುವುಮುರುವಾಗಬೇಕು. ಹಕ್ಕಿ ಎಲ್ಲಿಗೆ ಬರುತ್ತದೆ ಅಂತ ಕಂಡುಕೊಂಡು, ಅದು ಬರುವ ಮೊದಲೇ ನೀವು ಅಲ್ಲಿ ಕೂತಿರಬೇಕು. ಕಾಡು ಸುತ್ತಿ ಫೋಟೊ ತೆಗೆಯುವವರಿಗೆ ಈ ಅನುಕೂಲ ಇಲ್ಲ. ಇವತ್ತು ಕಂಡ ಹಕ್ಕಿ ನಾಳೆ ಅದೇ ಕೊಂಬೆಗೆ ಬರುತ್ತದೆ ಅನ್ನುವ ಖಾತ್ರಿ ಅವರಿಗಿಲ್ಲ. ನಿಮಗೆ ಬಹುಮಟ್ಟಿಗೆ ಇದೆ.

ಹಕ್ಕಿ ಯಾಕೆ ಹಾರುತ್ತದೆ ಅನ್ನುವುದನ್ನು ಮೊದಲು ನೋಡೋಣ. ತೋಟಕ್ಕೆ ಬರುವ ಹೆಚ್ಚಿನ ಪುಟ್ಟ ಹಕ್ಕಿಗಳಿಗೆ ಕಣ್ಣುಗಳು ತಲೆಯ ಎರಡು ಬದಿಗೆ ಇರುತ್ತವೆ. ಹಾಗಾಗಿ ಕತ್ತು ತಿರುಗಿಸದೆ ಸುಮಾರು 300 ಡಿಗ್ರಿಯಷ್ಟು ಸುತ್ತಲನ್ನು ಅವು ನೋಡಬಲ್ಲವು. ಹಿಂದಿನಿಂದ ಮೆಲ್ಲಗೆ ಹೋದರೆ ಗೊತ್ತಾಗುವುದಿಲ್ಲ ಅಂದುಕೊಳ್ಳುವುದು ಸುಳ್ಳು. ಬೇಗ ಬೇಗ ಆಗುವ ಚಲನೆಯನ್ನು ಅವು ನಮಗಿಂತ ಎಷ್ಟೋ ಚೆನ್ನಾಗಿ ಗುರುತಿಸುತ್ತವೆ. ನಮ್ಮ ಕಣ್ಣಿನಲ್ಲಿ ಬಣ್ಣ ನೋಡುವ ಕೋಶಗಳು ಮೂರು ಬಗೆ, ಅವುಗಳಲ್ಲಿ ನಾಲ್ಕು. ಆದ್ದರಿಂದ ಹಸಿರು ಮಚ್ಚೆಯ ಬಟ್ಟೆ ತೊಟ್ಟರೆ ಹಕ್ಕಿಗೆ ಮೋಸ ಮಾಡಬಹುದು ಅನ್ನುವುದರಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ. ಆ ಬಟ್ಟೆ ತೊಟ್ಟು ಕೈ ಆಡಿಸುತ್ತಾ ಕೂತವರಿಗಿಂತ, ಮಾಸಲು ಬಣ್ಣದ ಹಳೇ ಅಂಗಿಯಲ್ಲಿ ಅಲುಗದೆ ಕೂತವರ ಹತ್ತಿರಕ್ಕೆ ಹಕ್ಕಿ ಬರುತ್ತದೆ. ಬೆಳ್ಳಗೆ ಹೊಳೆಯುವ ಬಟ್ಟೆ ಬೇಡ, ಅಷ್ಟೇ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಹಕ್ಕಿಗಳು ನಮ್ಮ ನೋಟದ ದಿಕ್ಕನ್ನೂ ಗಮನಿಸುತ್ತವೆ. 2008ರಲ್ಲಿ ಸ್ಟಾರ್ಲಿಂಗ್ ಹಕ್ಕಿಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ ಇದು ಕಂಡುಬಂತು. ಮನುಷ್ಯ ತಿನಿಸಿನ ತಟ್ಟೆಯ ಕಡೆ ನೇರವಾಗಿ ನೋಡುತ್ತಿದ್ದರೆ ಅವು ಬರಲು ಹಿಂಜರಿಯುತ್ತಿದ್ದವು. ಅದೇ ಮನುಷ್ಯ ಕಣ್ಣು ಬೇರೆ ಕಡೆ ತಿರುಗಿಸಿದರೆ ಬೇಗ ಬಂದು, ಜಾಸ್ತಿ ತಿನ್ನುತ್ತಿದ್ದವು. ಸ್ಟಾರ್ಲಿಂಗ್ ನಮ್ಮ ಮೈನಾ ಹಕ್ಕಿಯ ಹತ್ತಿರದ ನೆಂಟ. ಯೋಚಿಸಿದರೆ ಇದರಲ್ಲಿ ಸೋಜಿಗವೇನೂ ಇಲ್ಲ. ಬೇಟೆಯಾಡುವ ಪ್ರಾಣಿಯೇ ಅಲ್ವಾ ಎರಡೂ ಕಣ್ಣು ನೆಟ್ಟು ದಿಟ್ಟಿಸುವುದು? ನೀವು ಬಾಗಿಲು ತೆಗೆದು, ಹಕ್ಕಿಯನ್ನೇ ನೋಡುತ್ತಾ, ಒಂದು ದೊಡ್ಡ ಗಾಜಿನ ಕಣ್ಣನ್ನು ಅದರ ಕಡೆ ಎತ್ತುತ್ತೀರಿ. ಹಾರದೆ ಇನ್ನೇನು ಮಾಡೀತು!

ಹಾಗಾಗಿ ಮೊದಲ ಕೆಲಸ ಕೂರುವ ಜಾಗ ಹುಡುಕುವುದು. ಬೆನ್ನ ಹಿಂದೆ ಗಿಡವೋ ಗೋಡೆಯೋ ಇರಲಿ. ಆಕಾಶಕ್ಕೆ ಎದುರಾಗಿ ನಿಮ್ಮ ತಲೆ, ಹೆಗಲಿನ ಆಕಾರ ಎದ್ದು ಕಾಣಬಾರದು. ದಿನಾ ಅದೇ ಜಾಗ, ಹೆಚ್ಚುಕಡಿಮೆ ಅದೇ ಹೊತ್ತು. ಸ್ಟೂಲು ಹಾಕಿ ಕೂತು, ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಮೊದಲೇ ಗುರಿ ಮಾಡಿ ಇಟ್ಟುಬಿಡಿ. ಆಮೇಲೆ ಬೆರಳು ಮಾತ್ರ ಅಲುಗಿದರೆ ಸಾಕು. ಫೋಕಸ್ ಆದಾಗ ಬರುವ ಬೀಪ್ ಸದ್ದು ಆಫ್ ಮಾಡಿ. ನೀವು ಬಂದು ಕೂತಾಗ ಹಕ್ಕಿಗಳು ಹೋಗಿಯೇ ಹೋಗುತ್ತವೆ. ಹೆಚ್ಚಾಗಿ ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಮತ್ತೆ ಬರತೊಡಗುತ್ತವೆ. ಹೆಚ್ಚಿನವರು ಹತ್ತನೇ ನಿಮಿಷಕ್ಕೆ ಎದ್ದುಬಿಡುತ್ತಾರೆ, ಕಷ್ಟ ಇರುವುದೇ ಅಲ್ಲಿ.

ಕೆಲವು ದಿನ ಹೀಗೆ ಕೂತರೆ ಹಕ್ಕಿಗಳಿಗೆ ನೀವು ರೂಢಿಯಾಗುತ್ತೀರಿ. ಕಾಗೆಯಂಥ ಹಕ್ಕಿಗಳಂತೂ ಮನುಷ್ಯರ ಮುಖವನ್ನೇ ಗುರುತಿಟ್ಟುಕೊಳ್ಳುತ್ತವೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್ಲಫ್ ಮತ್ತು ಅವರ ತಂಡ 2006ರಲ್ಲಿ ಒಂದು ಮುಖವಾಡ ಹಾಕಿಕೊಂಡು ಕಾಗೆಗಳನ್ನು ಹಿಡಿದು ಬಿಟ್ಟಿತು. ಆಮೇಲೆ ವರ್ಷಗಟ್ಟಲೆ ಆ ಮುಖವಾಡ ತೊಟ್ಟು ಯಾರು ಬಂದರೂ ಕಾಗೆಗಳು ಕೂಗಿ ಗಲಾಟೆ ಮಾಡುತ್ತಿದ್ದವು. ಪುಟ್ಟ ಹಕ್ಕಿಗಳೆಲ್ಲ ಇಷ್ಟು ಜಾಣ ಅಂತ ನಾನು ಹೇಳುವುದಿಲ್ಲ. ಆದರೆ ಕಲ್ಲು ಬೀರಿ ಓಡಿಸುವ ಮನೆಯವರೊಬ್ಬರು ಇದ್ದರೆ ನಿಮ್ಮ ಕೆಲಸ ಕಷ್ಟವಾಗುತ್ತದೆ.

ಹೊರಗೆ ಕೂರಲು ಆಗದಿದ್ದರೆ ಮನೆಯ ಕಿಟಕಿಯೇ ಒಳ್ಳೆಯ ಮರೆ. ಕಿಟಕಿ ತೆರೆದು, ಪರದೆ ಎಳೆದು, ಸಂದಿಯಲ್ಲಿ ಲೆನ್ಸಿನ ತುದಿ ಮಾತ್ರ ಕಾಣುವ ಹಾಗೆ ಇಡಿ. ಗಾಜು ತೆರೆಯಲು ಬರದಿದ್ದರೆ ಒಳಗೂ ಹೊರಗೂ ಒರೆಸಿ, ಕೋಣೆಯ ದೀಪ ಆರಿಸಿ, ಲೆನ್ಸನ್ನು ಗಾಜಿಗೆ ತಾಗುವಷ್ಟು ಹತ್ತಿರ, ನೇರವಾಗಿ ಹಿಡಿಯಿರಿ. ಓರೆಯಾಗಿ ಹಿಡಿದರೆ ಚಿತ್ರ ಮಂಕಾಗುತ್ತದೆ. ಜಾಲರಿ ಇದ್ದರೆ ಅದನ್ನು ಸರಿಸಲೇಬೇಕು.

ಈಗ ನಿಮಗೆ ರುಚಿಸದ ಒಂದು ಮಾತು. ಒಂದೆರಡು ವಾರ ಕ್ಯಾಮೆರಾ ಒಳಗಿಡಿ. ಸುಮ್ನೆ ನೋಡಿ. ಕೈಯಲ್ಲಿ ಕ್ಯಾಮೆರಾ ಇದ್ದರೆ ನಮ್ಮ ಗಮನ ಸೆಟ್ಟಿಂಗ್ ಮೇಲೆ ಇರುತ್ತದೆ, ಹಕ್ಕಿಯ ಮೇಲೆ ಇರುವುದಿಲ್ಲ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು. ಕೊಳ್ಳುವುದಾದರೆ 8×42 ಸಾಕು. ಅದರಲ್ಲಿ 8 ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ, 42 ಅಂದರೆ ಮುಂದಿನ ಗಾಜಿನ ಅಗಲ ಎಷ್ಟು ಮಿಲಿಮೀಟರ್ ಅಂತ. ತೋಟಕ್ಕೆ ಬಳಸುವಾಗ ಒಂದು ವಿಷಯ ಕೇಳಿ ನೋಡಿ: ಎಷ್ಟು ಹತ್ತಿರದ ವಸ್ತು ಸ್ಪಷ್ಟವಾಗಿ ಕಾಣುತ್ತದೆ? 2 ಮೀಟರ್ ಆಸುಪಾಸು ಇದ್ದರೆ ಉತ್ತಮ. ಕೆಲವು ಬೈನಾಕ್ಯುಲರ್‌ಗಳಲ್ಲಿ 5 ಮೀಟರಿನ ಒಳಗೆ ಎಲ್ಲ ಮಸುಕು. ಕೈತೋಟದಲ್ಲಿ ಅಂಥದ್ದನ್ನು ಇಟ್ಟುಕೊಂಡು ಏನು ಮಾಡುವುದು?

ಏನು ನೋಡಬೇಕು? ಹಕ್ಕಿ ಬರುವ ದಾರಿ. ಪಿಕಳಾರ ನೇರವಾಗಿ ಹಣ್ಣಿನ ಮೇಲೆ ಬಂದು ಕೂರುವುದಿಲ್ಲ. ಮೊದಲು ಎತ್ತರದ ಒಂದು ಕೊಂಬೆಗೆ ಬರುತ್ತದೆ, ಅತ್ತಿತ್ತ ನೋಡುತ್ತದೆ, ಆಮೇಲೆ ಇಳಿಯುತ್ತದೆ. ಮತ್ತೆ ಮತ್ತೆ ಅದೇ ಕೊಂಬೆ. ಫೋಟೊಕ್ಕೆ ನಿಮಗೆ ಬೇಕಾದದ್ದು ಆ ಕೊಂಬೆಯೇ. ಸೂರಕ್ಕಿ ಒಂದು ಹೂಗೊಂಚಲು ಮುಗಿಸಿ ಇನ್ನೊಂದಕ್ಕೆ ಹೋಗುವ ಸುತ್ತು ಇರುತ್ತದೆ. ಹೂವಿನಲ್ಲಿ ಮಕರಂದ ಮತ್ತೆ ಕೂಡಬೇಕಲ್ಲ, ಸ್ವಲ್ಪ ಹೊತ್ತು ಬಿಟ್ಟು ಅದೇ ಸುತ್ತಿಗೆ ಮರಳುತ್ತದೆ. ಹಮ್ಮಿಂಗ್‌ಬರ್ಡ್ ಥರ ಅದು ಗಾಳಿಯಲ್ಲಿ ನಿಂತೇ ಕುಡಿಯುವುದು ಅಪರೂಪ. ಹೆಚ್ಚಾಗಿ ತೊಟ್ಟು ಹಿಡಿದು ಕೂತು ಕುಡಿಯುತ್ತದೆ. ದಾಸವಾಳದಂಥ ದೊಡ್ಡ ಹೂವಾದರೆ ಬುಡದಲ್ಲಿ ತೂತು ಕೊರೆದು ಹೀರುವುದೂ ಉಂಟು. ಮಡಿವಾಳ ನೆಲಕ್ಕಿಳಿದು ಹುಳ ಹಿಡಿಯುತ್ತದೆ, ಹಾಡುವುದಕ್ಕೆ ಮಾತ್ರ ಎತ್ತರದ ತುದಿ ಬೇಕು. ಹೆಸರು ಗೊತ್ತಿಲ್ಲ ಅಂದಿರಲ್ಲ, ಆ ಪುಟ್ಟ ಹಕ್ಕಿ ಬಾಲ ನೆಟ್ಟಗೆ ಎತ್ತಿಕೊಂಡು, ಮೈಗೆ ಹೊಂದದಷ್ಟು ಜೋರಾಗಿ ಟುವ್ವಿ ಟುವ್ವಿ ಅಂತ ಕೂಗುತ್ತದೆಯೇ? ಹಾಗಿದ್ದರೆ ಸಿಂಪಿಗ ಇರಬಹುದು. ಎಲೆಯ ಅಂಚುಗಳನ್ನು ಜೇಡರ ಬಲೆಯ ನೂಲಿನಿಂದ, ನಾರಿನಿಂದ ಹೊಲಿದು ಗೂಡು ಮಾಡುವ ಹಕ್ಕಿ ಅದು.

ಕಿವಿಗೂ ಕೆಲಸ ಕೊಡಿ. ಇದ್ದಕ್ಕಿದ್ದಂತೆ ತೋಟ ಪೂರ್ತಿ ಸುಮ್ಮನಾದರೆ ಮೇಲೆ ಗಿಡುಗ ಸುಳಿದಿರಬಹುದು. ಬೇರೆ ಬೇರೆ ಹಕ್ಕಿಗಳು ಒಟ್ಟಿಗೆ ಸೇರಿ ಒಂದು ಪೊದೆಯ ಕಡೆ ಬೈದ ಹಾಗೆ ಕೂಗುತ್ತಿದ್ದರೆ ಅಲ್ಲಿ ಬೆಕ್ಕು, ಹಾವು ಅಥವಾ ಗೂಬೆ ಇರುವ ಸಂಭವ ಹೆಚ್ಚು. ಈ ಕೂಗುಗಳಲ್ಲಿ ವಿವರವೂ ಇರುತ್ತದೆ. ಉತ್ತರ ಅಮೆರಿಕದ ಚಿಕಡೀ ಎಂಬ ಪುಟ್ಟ ಹಕ್ಕಿ ಅಪಾಯ ಹೆಚ್ಚಾದಷ್ಟೂ ತನ್ನ ಕೂಗಿನ ಕೊನೆಯ 'ಡೀ' ಸ್ವರವನ್ನು ಜಾಸ್ತಿ ಸಲ ಸೇರಿಸುತ್ತದೆ ಅಂತ 2005ರ ಅಧ್ಯಯನ ತೋರಿಸಿತು. ದೊಡ್ಡ ಗೂಬೆಗಿಂತ ಚಿಕ್ಕ ಗೂಬೆಗೆ ಹೆಚ್ಚು ಡೀ. ಯಾಕೆಂದರೆ ಚುರುಕಾಗಿ ತಿರುಗಿ ಪುಟ್ಟ ಹಕ್ಕಿಯನ್ನು ಹಿಡಿಯುವುದು ಚಿಕ್ಕ ಗೂಬೆಯೇ.

ಹೆಸರು ಪತ್ತೆಗೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದವರ ಮರ್ಲಿನ್ ಆ್ಯಪ್ ಉಚಿತ. 2021ರಿಂದ ಅದು ಕೂಗು ಕೇಳಿಯೂ ಹೆಸರು ಹೇಳುತ್ತದೆ. ಅದರ ಮಾತನ್ನು ಸುಳಿವು ಅಂತ ತಗೊಳ್ಳಿ, ತೀರ್ಪು ಅಂತ ಬೇಡ. ಕಣ್ಣಾರೆ ಕಂಡ ಮೇಲೆಯೇ ಪಟ್ಟಿಗೆ ಸೇರಿಸಿ. ಅವರದೇ ಇ-ಬರ್ಡ್ ಜಾಲತಾಣ 2002ರಿಂದ ಇದೆ, ನಿಮ್ಮ ತೋಟದ ಪಟ್ಟಿಯನ್ನು ಅಲ್ಲಿ ದಾಖಲಿಸಬಹುದು. ಫೆಬ್ರುವರಿಯಲ್ಲಿ ನಾಲ್ಕು ದಿನ 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್' ನಡೆಯುತ್ತದೆ. 1998ರಲ್ಲಿ ಶುರುವಾದದ್ದು, 2013ರಿಂದ ಜಗತ್ತಿನ ಯಾರು ಬೇಕಾದರೂ ಸೇರಬಹುದು. ಹದಿನೈದು ನಿಮಿಷ ಕೂತು ಎಣಿಸಿದರೂ ಲೆಕ್ಕಕ್ಕೆ ಬರುತ್ತದೆ.

ಇನ್ನು ಹಕ್ಕಿಗಳನ್ನು ಹತ್ತಿರ ಬರಿಸುವ ಮಾತು. ಕಾಳು ಇಟ್ಟರೆ ಕಾಳು ತಿನ್ನುವ ಹಕ್ಕಿ ಮಾತ್ರ ಬರುತ್ತದೆ. ಸೂರಕ್ಕಿ, ಸಿಂಪಿಗ, ಮಡಿವಾಳ ನಿಮ್ಮ ಕಾಳಿನ ಕಡೆ ತಿರುಗಿಯೂ ನೋಡುವುದಿಲ್ಲ. ನೀರು ಹಾಗಲ್ಲ. ಕುಡಿಯಲು, ಮೀಯಲು ಎಲ್ಲರೂ ಬರುತ್ತಾರೆ. ಅದಕ್ಕೇ ನೀರು ಮೊದಲು ಅಂದೆ.

ಅಗಲವಾದ, ಆಳವಿಲ್ಲದ ಮಣ್ಣಿನ ತಟ್ಟೆ ಸಾಕು. ಅಂಚಿನಲ್ಲಿ 2 ಸೆ.ಮೀ., ನಡುವೆ 5 ಸೆ.ಮೀ. ಮೀರದಷ್ಟು ನೀರು. ತಳ ನುಣುಪಾಗಿದ್ದರೆ ಕಾಲು ಜಾರುತ್ತದೆ, ಒಂದೆರಡು ಒರಟು ಕಲ್ಲು ಹಾಕಿ. ನೆಲದಿಂದ ಸುಮಾರು ಒಂದು ಮೀಟರ್ ಎತ್ತರ ಇರಲಿ. ಎರಡು ಮೂರು ಮೀಟರ್ ದೂರದಲ್ಲಿ ಪೊದೆ ಇದ್ದರೆ ಒದ್ದೆ ರೆಕ್ಕೆಯ ಹಕ್ಕಿ ಓಡಿ ಅವಿತುಕೊಳ್ಳಬಹುದು. ತೀರ ಪಕ್ಕದಲ್ಲೇ ಪೊದೆ ಬೇಡ, ಬೆಕ್ಕು ಹೊಂಚು ಹಾಕಲು ಅದೇ ಜಾಗ ಆಗುತ್ತದೆ. ನೀರನ್ನು ದಿನಾ ಚೆಲ್ಲಿ, ತಟ್ಟೆ ಉಜ್ಜಿ, ಹೊಸದು ತುಂಬಿ. ಸೊಳ್ಳೆಯ ಕಾಟವೂ ಇರುವುದಿಲ್ಲ. ತೊಟ್ಟು ತೊಟ್ಟಾಗಿ ನೀರು ಬೀಳುವ ಹಾಗೆ ಮಾಡಿದರೆ ಆ ಅಲುಗಾಟ, ಸದ್ದಿಗೆ ಹಕ್ಕಿಗಳು ಇನ್ನೂ ಬೇಗ ಬರುತ್ತವೆ.

ಕಾಳು ಹಾಕುವುದು ತಪ್ಪಲ್ಲ. ಆದರೆ ಅದೊಂದು ಜವಾಬ್ದಾರಿ. ಒಂದೇ ತಟ್ಟೆಯಲ್ಲಿ ನೂರಾರು ಹಕ್ಕಿ ತಿಂದರೆ ರೋಗವೂ ಹಂಚಿಕೆಯಾಗುತ್ತದೆ. ಬ್ರಿಟನ್ನಿನಲ್ಲಿ 2005ರ ಹೊತ್ತಿಗೆ ಟ್ರೈಕೊಮೊನೋಸಿಸ್ ಎಂಬ ಗಂಟಲಿನ ರೋಗ ಗ್ರೀನ್‌ಫಿಂಚ್ ಹಕ್ಕಿಗಳಲ್ಲಿ ಹಬ್ಬಿತು. ಅವುಗಳ ಸಂಖ್ಯೆ ಅಲ್ಲಿಂದ ತೀವ್ರವಾಗಿ ಕುಸಿಯಿತು. ತಿನಿಸಿನ ತಟ್ಟೆ, ನೀರಿನ ತಟ್ಟೆಗಳು ಆ ರೋಗ ಹರಡುವ ಜಾಗಗಳು. ಅಮೆರಿಕದಲ್ಲಿ 1994ರಲ್ಲಿ ಹೌಸ್ ಫಿಂಚ್‌ಗಳಿಗೆ ಕಣ್ಣಿನ ಸೋಂಕು ಶುರುವಾಗಿ ದೇಶದುದ್ದಕ್ಕೂ ಹರಡಿತು. ಆದ್ದರಿಂದ ಎರಡು ವಾರಕ್ಕೊಮ್ಮೆಯಾದರೂ ತಟ್ಟೆಯನ್ನು ಒಂದು ಪಾಲು ಬ್ಲೀಚ್, ಒಂಬತ್ತು ಪಾಲು ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ. ಒಂದು ದಿನಕ್ಕೆ ಖಾಲಿಯಾಗುವಷ್ಟೇ ಹಾಕಿ. ಬ್ರೆಡ್, ಉಪ್ಪಿನ ತಿಂಡಿ, ಹಾಲು ಬೇಡ. ಪುಕ್ಕ ಕೆದರಿಕೊಂಡು, ಮಂಕಾಗಿ, ಹತ್ತಿರ ಹೋದರೂ ಹಾರದ ಹಕ್ಕಿ ಕಂಡರೆ ಕಾಳು ಹಾಕುವುದನ್ನು ಕೆಲವು ವಾರ ನಿಲ್ಲಿಸಿಬಿಡಿ. ಹಕ್ಕಿಗಳು ಚದುರುವುದೇ ಆಗ ಒಳ್ಳೆಯದು.

ನನ್ನ ಕೇಳಿದರೆ ಕಾಳಿಗಿಂತ ಗಿಡವೇ ಮೇಲು. ಅದಕ್ಕೂ ಮೇಲು ಹುಳ. ಹೌದು, ಹುಳ. ಮಕರಂದ, ಕಾಳು ತಿನ್ನುವ ಹಕ್ಕಿಗಳಲ್ಲೂ ಹೆಚ್ಚಿನವು ಮರಿಗಳಿಗೆ ಹುಳಹುಪ್ಪಟೆಯನ್ನೇ ಉಣಿಸುತ್ತವೆ. ಚಿಕಡೀ ಹೆಸರು ಹೇಳಿದೆನಲ್ಲ, ಅದರ ಒಂದು ಜೋಡಿ ಒಂದು ಸೂಲಿನ ಮರಿಗಳನ್ನು ಗೂಡು ಬಿಡುವವರೆಗೆ ಸಾಕಲು 6000ದಿಂದ 9000 ಕಂಬಳಿಹುಳ, ಹಸಿರುಹುಳಗಳನ್ನು ತರುತ್ತದೆ ಅಂತ ಕೀಟ ವಿಜ್ಞಾನಿ ಡಗ್ಲಸ್ ಟಾಲಮಿ ಲೆಕ್ಕ ಕೊಟ್ಟಿದ್ದಾರೆ. ಎಲೆ ಸ್ವಲ್ಪ ತೂತಾಗಲಿ ಬಿಡಿ. ಕೀಟನಾಶಕ ಹೊಡೆದ ತೋಟಕ್ಕೆ ಎಷ್ಟು ಉದ್ದದ ಲೆನ್ಸ್ ತಂದರೂ ಪ್ರಯೋಜನವಿಲ್ಲ.

ನೀರು, ಕಾಳು ಇಡುವ ಜಾಗ ಕಿಟಕಿ ಗಾಜಿಗೆ ಒಂದು ಮೀಟರಿಗಿಂತ ಹತ್ತಿರ ಇರಲಿ, ಇಲ್ಲವೇ ಹತ್ತು ಮೀಟರಿಗಿಂತ ದೂರ ಇರಲಿ. ನಡುವಿನ ದೂರವೇ ಅಪಾಯ, ಬೆದರಿದ ಹಕ್ಕಿ ಪೂರ್ತಿ ವೇಗದಲ್ಲಿ ಗಾಜಿಗೆ ಬಡಿಯುತ್ತದೆ. 2014ರ ಒಂದು ಅಂದಾಜಿನ ಪ್ರಕಾರ ಅಮೆರಿಕ ಒಂದರಲ್ಲೇ ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಕಟ್ಟಡಗಳಿಗೆ, ಹೆಚ್ಚಾಗಿ ಅವುಗಳ ಗಾಜಿಗೆ, ಬಡಿದು ಸಾಯುತ್ತವೆ. ಗಾಜಿನ ಹೊರಬದಿಗೆ 5 ಸೆ.ಮೀ. ಅಂತರದಲ್ಲಿ ಚುಕ್ಕೆಗಳನ್ನು ಅಂಟಿಸಿದರೆ ಹೊಡೆತ ಬಹಳ ತಪ್ಪುತ್ತದೆ. ಗಿಡುಗದ ಆಕಾರದ ಒಂದೇ ಒಂದು ಸ್ಟಿಕ್ಕರ್ ಅಂಟಿಸಿದರೆ ಸಾಲದು. ಸಾಕುಬೆಕ್ಕು ಇದ್ದರೆ ಹಕ್ಕಿ ಬರುವ ಹೊತ್ತಿನಲ್ಲಿ ಮನೆಯೊಳಗಿರಲಿ. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಹಕ್ಕಿಗಳನ್ನು ಕರೆದು ಬೆಕ್ಕಿನ ಬಾಯಿಗೆ ಕೊಡುವುದು ನ್ಯಾಯವಲ್ಲ.

ಈಗ ಲೆನ್ಸಿನ ಲೆಕ್ಕಕ್ಕೆ ಬರೋಣ. ಲೆನ್ಸಿನ ಮಿ.ಮೀ. ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. ಗುಬ್ಬಚ್ಚಿಯಷ್ಟು, ಅಂದರೆ 15 ಸೆ.ಮೀ. ಉದ್ದದ ಹಕ್ಕಿ ಅಂದುಕೊಳ್ಳಿ. ನಿಮ್ಮ ಕ್ಯಾಮೆರಾದ ಸೆನ್ಸರ್, ಅಂದರೆ ಒಳಗೆ ಚಿತ್ರ ಹಿಡಿಯುವ ಫಲಕ, ಎಪಿಎಸ್-ಸಿ ಅಳತೆಯದು ಅಂದುಕೊಳ್ಳೋಣ, ಅದರ ಅಗಲ ಸುಮಾರು 23.5 ಮಿ.ಮೀ. 300 ಮಿ.ಮೀ. ಲೆನ್ಸಿನಲ್ಲಿ 10 ಮೀಟರ್ ದೂರದ ಹಕ್ಕಿ ಚಿತ್ರದ ಅಗಲದಲ್ಲಿ ಐದನೇ ಒಂದು ಭಾಗ ತುಂಬುತ್ತದೆ. ಪುಟ್ಟ ಚುಕ್ಕೆ. 600 ಮಿ.ಮೀ. ಲೆನ್ಸ್ ಹಾಕಿದರೆ ಐದರಲ್ಲಿ ಎರಡು ಭಾಗ. ಅದೇ 300 ಲೆನ್ಸ್ ಇಟ್ಟುಕೊಂಡು ಹಕ್ಕಿಯನ್ನು 5 ಮೀಟರಿಗೆ ಬರಿಸಿದರೂ ಐದರಲ್ಲಿ ಎರಡು ಭಾಗವೇ! 3 ಮೀಟರಿಗೆ ಬಂದರೆ ಮುಕ್ಕಾಲು ಚೌಕಟ್ಟು ತುಂಬುತ್ತದೆ. ದೂರ ಅರ್ಧವಾದರೆ ಲೆನ್ಸ್ ಎರಡು ಪಟ್ಟಾದ ಹಾಗೆ. ಅದೂ ಪುಕ್ಕಟೆ. ಮೇಲಾಗಿ ಹಕ್ಕಿಗೂ ಲೆನ್ಸಿಗೂ ನಡುವೆ ಗಾಳಿ ಕಡಿಮೆ. ಬಿಸಿಲಿಗೆ ಕಾದ ನೆಲ, ತಗಡಿನ ಮೇಲೆ ಏಳುವ ಝಳ ದೂರದ ಚಿತ್ರವನ್ನು ಕಲಕಿಬಿಡುತ್ತದೆ. ಅದಕ್ಕೆ ಯಾವ ಲೆನ್ಸೂ ಮದ್ದಲ್ಲ. ಇವೆಲ್ಲ ಮಾಡಿ ನೋಡಿ, ಆಮೇಲೂ ಉದ್ದ ಲೆನ್ಸ್ ಬೇಕು ಅನಿಸಿದರೆ ತಗೊಳ್ಳಿ. ಕೆಲವು ದೊಡ್ಡ ಜೂಮ್ ಲೆನ್ಸ್‌ಗಳು ಎರಡೂವರೆ ಮೀಟರಿಗಿಂತ ಹತ್ತಿರಕ್ಕೆ ಫೋಕಸ್ ಆಗುವುದಿಲ್ಲ ಅನ್ನುವುದು ಆಗ ನೆನಪಿರಲಿ.

ನಿಮ್ಮ ಫೋಟೊಗಳು ಮಸುಕು ಅಂದಿರಿ. ಮಸುಕಿನಲ್ಲಿ ಎರಡು ಜಾತಿ. ಫೋಟೊವನ್ನು ದೊಡ್ಡದು ಮಾಡಿ ನೋಡಿ. ಹಕ್ಕಿ ಮಸುಕು, ಆದರೆ ಹಿಂದಿನ ಎಲೆಯೋ ಮುಂದಿನ ಕಡ್ಡಿಯೋ ಚೊಕ್ಕ ಇದ್ದರೆ ಫೋಕಸ್ ತಪ್ಪಿದೆ. ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ, ಇಲ್ಲವೇ ಕೊಂಬೆ ಚೊಕ್ಕ ಇದ್ದು ಹಕ್ಕಿಯ ತಲೆ ಮಾತ್ರ ಅಲುಗಿದ್ದರೆ ಶಟರ್, ಅಂದರೆ ಬೆಳಕನ್ನು ಒಳಗೆ ಬಿಟ್ಟು ಮುಚ್ಚುವ ಪರದೆ, ನಿಧಾನವಾಗಿದೆ.

ಫೋಕಸ್ ತಪ್ಪಲು ಕಾರಣ ಇದೆ. ಎಫ್ ಅನ್ನುವುದು ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನುವ ಅಳತೆ, ಸಂಖ್ಯೆ ದೊಡ್ಡದಾದರೆ ಕಿಂಡಿ ಚಿಕ್ಕದು, ಸ್ಪಷ್ಟವಾಗಿ ಕಾಣುವ ಆಳ ಹೆಚ್ಚು. 300 ಮಿ.ಮೀ., ಎಫ್ 5.6ರಲ್ಲಿ 5 ಮೀಟರ್ ದೂರದ ಹಕ್ಕಿಯ ಹಿಂದೆ ಮುಂದೆ ಒಟ್ಟು 6 ಸೆ.ಮೀ.ಯಷ್ಟೇ ಸ್ಪಷ್ಟವಾಗಿರುತ್ತದೆ. 3 ಮೀಟರಿನಲ್ಲಿ ಅದು ಬರೀ 2 ಸೆ.ಮೀ. ಚಿಲ್ಲರೆ. ಕೊಕ್ಕು ಚೊಕ್ಕ ಬಂದು ಕಣ್ಣು ಮಸುಕಾಗುವುದು ಹೀಗೆಯೇ. ಕ್ಯಾಮೆರಾ ತಾನೇ ಫೋಕಸ್ ಬಿಂದು ಆರಿಸುವ ವ್ಯವಸ್ಥೆಯನ್ನು ಬಿಟ್ಟು, ಒಂದೇ ಚಿಕ್ಕ ಬಿಂದುವನ್ನು ಹಕ್ಕಿಯ ಕಣ್ಣಿನ ಮೇಲಿಡಿ. ಹಕ್ಕಿಯ ಕಣ್ಣು ಹುಡುಕುವ ಹೊಸ ಕ್ಯಾಮೆರಾ ಆದರೆ ಅದನ್ನು ಆನ್ ಮಾಡಿ, ಎಲೆಗಳ ನಡುವೆ ಮಾತ್ರ ಅದನ್ನು ಪೂರ್ತಿ ನಂಬಬೇಡಿ. ಹಕ್ಕಿ ಅಲುಗಿದರೂ ಅದನ್ನು ಹಿಂಬಾಲಿಸುವ ಸತತ ಫೋಕಸ್ ಇರಲಿ. ಕೆಲವು ಕಂಪನಿಗಳು ಅದನ್ನು ಎಎಫ್-ಸಿ ಅನ್ನುತ್ತವೆ, ಕ್ಯಾನನ್‌ನಲ್ಲಿ ಅದು ಸರ್ವೊ. ತೀರ ಹತ್ತಿರದಲ್ಲಿ ಎಫ್ 8 ಇಟ್ಟರೆ ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ.

ಶಟರ್ ವೇಗಕ್ಕೆ ಬಂದರೆ, ಕೂತ ಹಕ್ಕಿಗೆ ಸೆಕೆಂಡಿನ 1/500, ಕುಪ್ಪಳಿಸುವುದಕ್ಕೆ 1/1000, ಹಾರುವ ಅಥವಾ ನೀರು ಚಿಮ್ಮಿಸಿ ಮೀಯುವ ಹಕ್ಕಿಗೆ 1/2000 ಮತ್ತು ಮೇಲೆ. ಪುಟ್ಟ ಹಕ್ಕಿ ಕೂತಿದ್ದರೂ ತಲೆ ಝಟ್ ಅಂತ ತಿರುಗಿಸುತ್ತಿರುತ್ತದೆ. ಹಾಗಾಗಿ ಕೂತಿದೆಯಲ್ಲ ಅಂತ 1/200ಕ್ಕೆ ಇಳಿಯಬೇಡಿ. ಐಎಸ್ಒವನ್ನು, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆಯನ್ನು, ಆಟೊಗೆ ಹಾಕಿ, 3200ವರೆಗೆ ಹೋಗಲು ಬಿಡಿ. ಜನ ಐಎಸ್ಒಗೆ ಯಾಕೋ ಸುಮ್ನೆ ಹೆದರುತ್ತಾರೆ. ಚಿತ್ರದಲ್ಲಿ ಕಾಳುಕಾಳು ಬಂದರೆ ಸಾಫ್ಟ್‌ವೇರಿನಲ್ಲಿ ಸುಧಾರಿಸಬಹುದು. ಅಲುಗಿದ ಚಿತ್ರಕ್ಕೆ ಏನೂ ಮಾಡಲು ಬರುವುದಿಲ್ಲ.

ಹಕ್ಕಿ ಕಪ್ಪಗೆ ಬರುವುದಕ್ಕೂ ಎರಡು ಕಾರಣ. ಒಂದು, ಹಿಂದೆ ಆಕಾಶ. ಕ್ಯಾಮೆರಾ ಇಡೀ ಚೌಕಟ್ಟಿನ ಬೆಳಕನ್ನು ಸರಾಸರಿ ಮಾಡುತ್ತದೆ, ಆಕಾಶ ಬೆಳ್ಳಗಿದ್ದರೆ ಹಕ್ಕಿಯನ್ನು ಕತ್ತಲಿಗೆ ತಳ್ಳುತ್ತದೆ. ಚಿತ್ರದ ಬೆಳಕು ಹೆಚ್ಚುಕಡಿಮೆ ಮಾಡುವ ಎಕ್ಸ್‌ಪೋಶರ್ ಕಾಂಪನ್ಸೇಶನ್ ಗುಂಡಿಯಲ್ಲಿ +1ರಿಂದ +1.7 ಕೊಡಿ. ಅದಕ್ಕಿಂತ ಒಳ್ಳೆಯದು, ಹಿಂದೆ ಎಲೆ ಬರುವ ಕೋನ ಹುಡುಕಿ. ಮಡಿವಾಳದ ಗಂಡು ಇಲ್ಲಿ ಗೋಳು ಹೊಯ್ದುಕೊಳ್ಳುತ್ತದೆ. ಕಪ್ಪು ಬೆನ್ನಿಗೆ ಬೆಳಕು ಹೆಚ್ಚಿಸಿದರೆ ಬಿಳಿ ಹೊಟ್ಟೆ ಸುಟ್ಟುಹೋಗುತ್ತದೆ. ಆಗ ಬಿಳಿಯನ್ನು ಉಳಿಸಿಕೊಳ್ಳಿ, ಹಿಂದೆ ಎಲೆಯಿದ್ದರೆ -0.3 ಅಥವಾ -0.7. ರಾ ಕಡತದಲ್ಲಿ, ಅಂದರೆ ಕ್ಯಾಮೆರಾ ತಿದ್ದದ ಮೂಲ ರೂಪದಲ್ಲಿ, ತೆಗೆದಿದ್ದರೆ ಕಪ್ಪನ್ನು ಆಮೇಲೆ ಎತ್ತಬಹುದು, ಸುಟ್ಟ ಬಿಳಿ ಮರಳುವುದಿಲ್ಲ. ಇಂಥ ಹಕ್ಕಿಗೆ ಮೋಡ ಕವಿದ ದಿನವೇ ಚೆಂದ.

ಎರಡನೆಯ ಕಾರಣ ಸೂರಕ್ಕಿಗೆ ಸಂಬಂಧಿಸಿದ್ದು. ಗಂಡಿನ ಮೈಮೇಲಿನ ಮಿನುಗುವ ನೀಲಿ, ನೇರಳೆ ಬಣ್ಣದ್ರವ್ಯದಿಂದ ಬಂದದ್ದಲ್ಲ. ಪುಕ್ಕದ ಸೂಕ್ಷ್ಮ ರಚನೆ ಬೆಳಕನ್ನು ಮರಳಿಸುವ ರೀತಿಯಿಂದ ಬಂದದ್ದು. ಕೋನ ತಪ್ಪಿದರೆ ಅದೇ ಹಕ್ಕಿ ಇದ್ದಿಲಿನಷ್ಟು ಕಪ್ಪು. ಸೂರ್ಯ ನಿಮ್ಮ ಬೆನ್ನಿಗಿರಲಿ, ನಿಮ್ಮ ನೆರಳು ಹಕ್ಕಿಯ ಕಡೆ ತೋರುತ್ತಿರಲಿ. ಆಮೇಲೆ ಅದು ಕತ್ತು ತಿರುಗಿಸುವವರೆಗೆ ಕಾಯಿರಿ, ಮಿಂಚಿದ ಕೂಡಲೇ ನಾಲ್ಕೈದು ಚಿತ್ರ.

ಹಿನ್ನೆಲೆ ಚೊಕ್ಕ ಬರಬೇಕಾದರೆ ನೀರಿನ ತಟ್ಟೆಯಿಂದ ಒಂದೆರಡು ಮೀಟರ್ ಆಚೆ ಒಂದು ಒಣ ಕೊಂಬೆ ನೆಡಿ. ಬೆರಳು ಗಾತ್ರದ್ದು, ಕ್ಯಾಮೆರಾಗೆ ಅಡ್ಡಲಾಗಿ. ಅದರ ಹಿಂದೆ ಮೂರು ನಾಲ್ಕು ಮೀಟರ್ ಖಾಲಿ ಇದ್ದು ಆಮೇಲೆ ಹಸಿರು ಇರಲಿ. ನೀರಿಗೆ ಇಳಿಯುವ ಮೊದಲು ಹಕ್ಕಿ ಅದರ ಮೇಲೆ ಕೂರುತ್ತದೆ. ಅಲ್ಲೇ ಪಕ್ಕದಲ್ಲಿ ಅದಕ್ಕಿಂತ ಎತ್ತರದ ಕಡ್ಡಿ ಇದ್ದರೆ ನಿಮ್ಮದನ್ನು ಬಿಟ್ಟು ಅಲ್ಲಿಗೇ ಹೋಗುತ್ತದೆ, ನೋಡಿಕೊಳ್ಳಿ. ನಿಮ್ಮ ಕಣ್ಣೂ ಹಕ್ಕಿಯ ಕಣ್ಣೂ ಒಂದೇ ಮಟ್ಟದಲ್ಲಿರಲಿ. ತಟ್ಟೆ ಒಂದು ಮೀಟರ್ ಎತ್ತರದಲ್ಲಿ ಇಡಿ ಅಂದದ್ದು ಇದಕ್ಕೂ ಹೌದು, ಸ್ಟೂಲಿನಲ್ಲಿ ಕೂತರೆ ಲೆನ್ಸ್ ಅಲ್ಲಿಗೇ ಬರುತ್ತದೆ.

ಮನೆಯಲ್ಲಿ ಬೇರೆಯವರ ಹತ್ತಿರ ಫೋನ್ ಮಾತ್ರ ಇದ್ದರೆ ಅವರನ್ನೂ ಸೇರಿಸಿಕೊಳ್ಳಿ. ಜೂಮ್ ಎಳೆಯುವುದು ಬೇಡ. ಫೋನನ್ನು ತಟ್ಟೆಯ ಹತ್ತಿರ ನಿಲ್ಲಿಸಿ, 4ಕೆ ವಿಡಿಯೊ ಹಚ್ಚಿ, ಒಳಗೆ ಬಂದುಬಿಡಿ. ಅದರ ಒಂದೊಂದು ಚೌಕಟ್ಟೂ ಸುಮಾರು 8 ಮೆಗಾಪಿಕ್ಸೆಲ್ ಫೋಟೊ.

ಕೊನೆಗೆ ಗೂಡು. ನೀವು ಕೇಳಿದ್ದು ಒಳ್ಳೆಯದಾಯಿತು. ತುಂಬಾ ಜನ ಕೇಳುವುದೇ ಇಲ್ಲ. ನನ್ನ ಉತ್ತರ ಬೇಡ ಅಂತ. ನೀವು ಪದೇ ಪದೇ ಹೋಗಿ ನಿಂತರೆ ತಾಯಿ ತಂದೆ ದೂರ ಉಳಿಯುತ್ತವೆ. ಆ ಹೊತ್ತಿನಲ್ಲಿ ಮೊಟ್ಟೆ ತಣ್ಣಗಾಗಬಹುದು, ಮರಿಗಳಿಗೆ ಬಿಸಿಲು ತಾಗಬಹುದು. ಕಾಗೆ, ಕೆಂಬೂತಗಳು ಗೂಡುಗಳನ್ನು ಹುಡುಕುತ್ತಲೇ ಇರುತ್ತವೆ, ಗೂಡಿನ ಸುತ್ತ ಗಲಾಟೆ ಆದರೆ ಅವುಗಳ ಗಮನ ಅಲ್ಲಿಗೆ ಹೋಗುತ್ತದೆ. ಕಾಣಲಿ ಅಂತ ಅಡ್ಡ ಬಂದ ಎಲೆ ಕೀಳುವುದಂತೂ ಕೂಡದೇ ಕೂಡದು, ಆ ಎಲೆಯೇ ಅವುಗಳ ಸೂರು. ಇನ್ನೊಂದು ಅಪಾಯ ಇದೆ. ರೆಕ್ಕೆ ಬಲಿಯುತ್ತಿರುವ ಮರಿಗಳು ಬೆದರಿದರೆ ಹಾರಲು ಬಾರದಿದ್ದರೂ ಗೂಡಿನಿಂದ ಹೊರಗೆ ಜಿಗಿದುಬಿಡುತ್ತವೆ.

ಮನೆಯೊಳಗಿನ ಕಿಟಕಿಯಿಂದ ಗೂಡು ತಾನಾಗಿಯೇ ಕಾಣುತ್ತಿದ್ದು, ನೀವು ಇರುವುದರಿಂದ ಹಕ್ಕಿಯ ಓಡಾಟ ಬದಲಾಗದಿದ್ದರೆ ಒಂದೆರಡು ಚಿತ್ರ ತೆಗೆಯಬಹುದು, ಫ್ಲ್ಯಾಶ್ ಇಲ್ಲದೆ. ಕೊಕ್ಕಿನಲ್ಲಿ ಹುಳ ಹಿಡಿದ ಹಕ್ಕಿ ಗೂಡಿಗೆ ಹೋಗದೆ ಹತ್ತಿರದ ಕೊಂಬೆಯಲ್ಲಿ ಕೂತು ಕೂಗುತ್ತಿದೆ ಅಂದರೆ ನೀವು ಅಡ್ಡಿಯಾಗಿದ್ದೀರಿ ಅಂತ ಅರ್ಥ. ಕೂಡಲೇ ಹಿಂದೆ ಸರಿಯಿರಿ. ಕೂಗಿನ ರೆಕಾರ್ಡಿಂಗ್ ಹಾಕಿ ಹಕ್ಕಿಯನ್ನು ಕರೆಯುವುದೂ ಇದೇ ಪಟ್ಟಿಗೆ ಸೇರುತ್ತದೆ. ತನ್ನ ಜಾಗಕ್ಕೆ ಬೇರೊಂದು ಗಂಡು ನುಗ್ಗಿದೆ ಅಂತ ತಿಳಿದು, ಮರಿ ಸಾಕುವ ಹೊತ್ತಿನಲ್ಲಿ ಅದು ಜಗಳಕ್ಕೆ ಬರುತ್ತದೆ.

ಇನ್ನು ಕೆಲವು ದಿನದಲ್ಲಿ ನಿಮ್ಮ ದಾಸವಾಳದ ಕೆಳಗೆ ಮೋಟು ಬಾಲದ ಮರಿಯೊಂದು ಕುಪ್ಪಳಿಸುತ್ತಾ ಕಾಣಬಹುದು. ಬಿದ್ದಿದೆ ಅಂತ ಎತ್ತಿ ಒಳಗೆ ತರಬೇಡಿ. ಮೈತುಂಬ ಪುಕ್ಕ ಬಂದಿದ್ದರೆ ಅದು ಗೂಡು ಬಿಡುವ ವಯಸ್ಸಿನ ಮರಿ, ತಾಯಿ ತಂದೆ ಹತ್ತಿರದಲ್ಲೇ ಇದ್ದು ಉಣಿಸುತ್ತವೆ. ಬೆಕ್ಕು ನಾಯಿಯ ಭಯ ಇದ್ದರೆ ಪಕ್ಕದ ಪೊದೆಗೆ ಏರಿಸಿ, ದೂರ ಬನ್ನಿ. ಪುಕ್ಕವೇ ಇಲ್ಲದ ಮರಿಯಾದರೆ ಮೆಲ್ಲಗೆ ಎತ್ತಿ ಅದೇ ಗೂಡಿನಲ್ಲಿ ಇಡಿ. ಮನುಷ್ಯ ಮುಟ್ಟಿದರೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆ ಅನ್ನುವುದು ನಿಜವಲ್ಲ.